ವಿನ್ಸೆಂಟ್ ವ್ಯಾನ್ ಗೋ ಎಂಬ ಚಿತ್ರಗಾರನ ಚರಿತ್ರೆ

ಯೂರೋಪ್ ಖಂಡದಲ್ಲಿ ಹಾಲೆಂಡ್ ಎಂಬ ತಗ್ಗಿನ ದೇಶವುಂಟು. ಅದರ ದಕ್ಷಿಣದಲ್ಲಿ ಬ್ರಬಾಂಟ್ ಸೀಮೆಯೂ ಆ ಸೀಮೆಯಲ್ಲಿ ಜುಂಡರ್ಟ್ ಎಂಬ ಹಳ್ಳಿಯೂ ಇವೆ. ಆ ಕಾಲದಲ್ಲಿ ಅಲ್ಲಿನ ಜನರಲ್ಲಿ ಹೆಚ್ಚಿನವರು ರೋಮನ್ ಕಥೋಲಿಕರು. ಪ್ರೊಟೆಸ್ಟಂಟರ ಸಭೆಯು ಬಹು ಚಿಕ್ಕದಾಗಿತ್ತು. ಆ ಚಿಕ್ಕ ಸಭೆಗೆ ಥಿಯೋಡೋರಸ್ ವ್ಯಾನ್ ಗೋ ಎಂಬವರು ಪಾಲಕರಾಗಿದ್ದರು. ೧೮೫೩ನೆಯ ಇಸವಿ ಮಾರ್ಚ್ ೩೦ರಂದು ಅವರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಲು ಅದಕ್ಕೆ ವಿನ್ಸೆಂಟ್ ಎಂದು ಹೆಸರಿಟ್ಟರು. ಸರಿಯಾಗಿ ಒಂದು ವರುಷದ ಹಿಂದೆ ಅದೇ ದಿನದಲ್ಲಿ ಸತ್ತು ಹುಟ್ಟಿದ ಅಣ್ಣನಿಗೂ ಇದೇ ಹೆಸರಿತ್ತು. ಆ ಕೂಸಿನ ಸಮಾಧಿಯು ದೇವಾಲಯದ ಬಳಿಯಲ್ಲಿಯೇ ಇದ್ದುದರಿಂದ ಬಾಲಕನು ತನ್ನ ಹೆಸರನ್ನು ಕೆತ್ತಿದ ಕಲ್ಲನ್ನು ನೋಡುತ್ತಲೇ ಬೆಳೆದನು.

ಪ್ರಿಯ ವಾಚಕರೇ, ದೂರದೇಶದ ಒಬ್ಬ ಚಿತ್ರಗಾರನ ಚರಿತ್ರೆಯಿಂದ ನಮಗೇನು ಪ್ರಯೋಜನವೆಂದು ನೀವು ಕೇಳಬಹುದು. ನಮ್ಮ ಸಭೆಗಳವರಲ್ಲಿ ಬಹಳ ಮಂದಿ ಹೊಲಗದ್ದೆಗಳಲ್ಲಿ ದುಡಿದು ಉಣ್ಣುವವರು. ಅವರು ಬೆಳೆದ ಕಾಳನ್ನು ಪಟ್ಟಣದವರು ಅಳೆದು ತೂಗಿ ನೋಡುತ್ತಾರೆ. ಬೆಳೆದವರನ್ನು ನಿಂತು ನೋಡುವವರು ಅಪರೂಪ. ಈ ಮನುಷ್ಯನಾದರೋ ಹಾಗೆ ನಿಂತು ನೋಡಿದನು. ಕಂಡದ್ದನ್ನು ಜನರಿಗೆ ತೋರಿಸುವದರಲ್ಲಿ ತನ್ನ ಜೀವವನ್ನೇ ಸವೆಯಿಸಿದನು. ಅದಲ್ಲದೆ ಈತನು ಮೊದಲು ಉಪದೇಶಿಯಾಗಿದ್ದನು. ಆದಕಾರಣ ಈತನ ಚರಿತ್ರೆಯಲ್ಲಿ ನಮಗೂ ಒಂದು ಪಾಲುಂಟೆಂದು ಎಣಿಸುತ್ತೇವೆ.

ಪಾಲಕರ ಮನೆಯಲ್ಲಿ ಐಶ್ವರ್ಯವಿರಲಿಲ್ಲ. ವಿನ್ಸೆಂಟನ ತರುವಾಯ ಇನ್ನೂ ಐದು ಮಕ್ಕಳು ಹುಟ್ಟಿದರು. ಅವರೊಳಗೆ ನಾಲ್ಕು ವರುಷ ಚಿಕ್ಕವನಾದ ಥಿಯೋ ಎಂಬ ತಮ್ಮನ ಹೆಸರನ್ನು ವಾಚಕರು ಜ್ಞಾಪಕದಲ್ಲಿಡಬೇಕು. ತಂದೆಯ ಅಣ್ಣತಮ್ಮಂದಿರಲ್ಲಿ ಕೆಲವರು ಚಿತ್ರಗಳ ವ್ಯಾಪಾರಿಗಳಾಗಿದ್ದುದರಿಂದ ವಿನ್ಸೆಂಟನು ೧೮೬೯ರಲ್ಲಿ, ತನ್ನ ೧೬ನೆಯ ವಯಸ್ಸಿನಲ್ಲಿ, ಹೇಗ್ ಪಟ್ಟಣದಲ್ಲಿದ್ದ ಗೂಪಿಲ್ ಎಂಬ ಕಂಪೆನಿಯ ಅಂಗಡಿಗೆ ಸೇರಿದನು. ಅಲ್ಲಿಂದ ಲಂಡನಿಗೂ ಪ್ಯಾರಿಸಿಗೂ ಕಳುಹಿಸಲ್ಪಟ್ಟನು. ಕ್ರಮೇಣ ಆತನ ಮನಸ್ಸು ವ್ಯಾಪಾರವನ್ನು ಬಿಟ್ಟು ಸತ್ಯವೇದದ ಕಡೆಗೆ ತಿರುಗಿತು. ಗಿರಾಕಿಗಳನ್ನು ಮೆಚ್ಚಿಸುವ ಮಾತು ಆತನಿಂದಾಗಲಿಲ್ಲ. ೧೮೭೬ರಲ್ಲಿ ಕೆಲಸದಿಂದ ತೆಗೆಯಲ್ಪಟ್ಟನು. ಆಗ ಇಂಗ್ಲೆಂಡಿಗೆ ಹೋಗಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾ, ಅದೇ ವರುಷದ ಅಕ್ಟೋಬರ್ ತಿಂಗಳಲ್ಲಿ ರಿಚ್ಮಂಡ್ ಎಂಬ ಊರಿನ ಮೆಥೊಡಿಸ್ಟ್ ಪ್ರಾರ್ಥನಾಲಯದಲ್ಲಿ ತನ್ನ ಮೊದಲನೆಯ ಪ್ರಸಂಗವನ್ನು ಮಾಡಿದನು. ಮನುಷ್ಯನು ಭೂಮಿಯ ಮೇಲೆ ಪ್ರವಾಸಿಯೆಂಬುದೇ ಅದರ ವಿಷಯ.

ತಂದೆಯಂತೆ ತಾನೂ ಸಭಾಪಾಲಕನಾಗಬೇಕೆಂಬ ಆಶೆಯಿಂದ ೧೮೭೭ರಲ್ಲಿ ಆಮ್‌ಸ್ಟರ್‌ಡಾಮ್ ನಗರಕ್ಕೆ ಹೋಗಿ ಗ್ರೀಕ್, ಲತೀನ್ ಭಾಷೆಗಳನ್ನು ಕಲಿಯತೊಡಗಿದನು. ದೀನರಿಗೆ ಸುವಾರ್ತೆ ಹೇಳುವದಕ್ಕೆ ಇಷ್ಟು ವ್ಯಾಕರಣವೇಕೆಂದು ಆತನಿಗೆ ತೋಚಿತು. ಸುಮಾರು ಒಂದು ವರುಷವಾದ ಮೇಲೆ ಓದನ್ನು ಬಿಟ್ಟು, ಬ್ರಸ್ಸೆಲ್ಸ್ ಸಮೀಪದ ಉಪದೇಶಿಗಳ ಶಾಲೆಯಲ್ಲಿ ಮೂರು ತಿಂಗಳು ಇದ್ದನು. ಅಲ್ಲಿಯೂ ಆತನನ್ನು ಖಾಯಂ ಮಾಡಿಕೊಳ್ಳಲಿಲ್ಲ. ಆದರೂ ಬೆಲ್ಜಿಯಮ್ ದೇಶದ ಬೊರಿನಾಜ್ ಎಂಬ ಕಲ್ಲಿದ್ದಲಿನ ಸೀಮೆಗೆ ಹೋಗಲು ಮನಸ್ಸುಮಾಡಿ ೧೮೭೮ರ ಡಿಸೆಂಬರಿನಲ್ಲಿ ಅಲ್ಲಿಗೆ ತಲುಪಿದನು. ಮುಂದಿನ ತಿಂಗಳಲ್ಲಿ ವಾಮ್ ಎಂಬ ಹಳ್ಳಿಗೆ ಆರು ತಿಂಗಳ ಮಟ್ಟಿಗೆ ಉಪದೇಶಿಯಾಗಿ ನೇಮಿಸಲ್ಪಟ್ಟನು. ಸಂಬಳವು ತಿಂಗಳಿಗೆ ೫೦ ಫ್ರಾಂಕು.

ಆ ಸೀಮೆಯಲ್ಲಿ ಗಂಡಸರೂ ಹೆಂಗಸರೂ ಮಕ್ಕಳೂ ಗಣಿಯ ಕೆಲಸಕ್ಕೆ ಹೋಗುತ್ತಿದ್ದರು. ವಿನ್ಸೆಂಟನು ತಾನೂ ಒಂದು ದಿವಸ ಮಾರ್ಕಾಸ್ ಎಂಬ ಗಣಿಗೆ ಇಳಿದು, ಸುಮಾರು ೭೦೦ ಮೀಟರು ಆಳದಲ್ಲಿ, ಸಣ್ಣ ದೀಪದ ಬೆಳಕಿನಲ್ಲಿ ಮನುಷ್ಯರು ಇಕ್ಕಟ್ಟಿನ ಬಿಲಗಳೊಳಗೆ ಇದ್ದಲನ್ನು ಕಡಿಯುವದನ್ನು ಕಂಡನು. ೧೮೭೯ರ ಏಪ್ರಿಲಿನಲ್ಲಿ ಸಮೀಪದ ಇನ್ನೊಂದು ಗಣಿಯಲ್ಲಿ ವಿಷಗಾಳಿ ಹೊತ್ತಿಕೊಂಡು ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಈತನು ಸುಟ್ಟುಹೋದವರಿಗೂ ಜ್ವರದವರಿಗೂ ಶುಶ್ರೂಷೆಮಾಡಿ, ತನ್ನ ಉಡುಪುಗಳನ್ನು ಕೊಟ್ಟುಬಿಟ್ಟು, ಒಳ್ಳೆಯ ಬಿಡಾರವನ್ನು ತೊರೆದು ಗುಡಿಸಲಿನಲ್ಲಿ ಹುಲ್ಲಿನ ಮೇಲೆ ಮಲಗಿದನು. ಮುಖವನ್ನು ಸಹ ಇದ್ದಲಿನ ಮಸಿಯಿಂದ ತೊಳೆಯದೆ ಇರುವಷ್ಟರ ಮಟ್ಟಿಗೆ ಅವರೊಂದಿಗೆ ಒಂದಾದನು. ಇದನ್ನು ನೋಡಿ ಮೇಲಿನವರು ಮೆಚ್ಚಲಿಲ್ಲ. ಉಪದೇಶಿಯ ಗೌರವಕ್ಕೆ ಇದು ತಕ್ಕದ್ದಲ್ಲವೆಂದು ಅವರಿಗೆ ತೋರಿತು. ಆರು ತಿಂಗಳು ತೀರಿದಾಗ ಕಮಿಟಿಯವರು ಆತನನ್ನು ಮುಂದುವರಿಸಲಿಲ್ಲ. ರೋಗಿಗಳಲ್ಲಿ ಆತನಿಗಿದ್ದ ಪ್ರೀತಿಯನ್ನು ಒಪ್ಪಿಕೊಂಡರೂ, ಸಭೆಯಲ್ಲಿ ಮಾತಾಡುವ ವರವು ಆತನಿಗೆ ಸಾಲದೆಂದು ವರದಿಯಲ್ಲಿ ಬರೆದರು.

ಉಪದೇಶಿಯ ಉದ್ಯೋಗದಲ್ಲಿರುವ ನಾವು ಈ ಸಂಗತಿಯನ್ನು ಹಗುರವಾಗಿ ಓದಿ ದಾಟಲಾರೆವು. ಆ ಕಮಿಟಿಯವರು ದುಷ್ಟರಲ್ಲ. ಪ್ರಸಂಗವನ್ನು ಕೇಳುವವರಿಗೆ ಪ್ರಸಂಗವು ತಿಳಿಯಬೇಕೆಂದು ಅವರು ಬಯಸಿದ್ದು ನ್ಯಾಯವೇ. ವಿನ್ಸೆಂಟನಲ್ಲಿ ಮಿತಿಯಿಲ್ಲದ ಹಟವೂ ಇತ್ತು. ಹೇಳಿದ ಬುದ್ಧಿಯನ್ನು ಕೇಳುವ ಸ್ವಭಾವ ಆತನದಲ್ಲ. ಆದರೂ ಮಾತು ಬಲ್ಲವರನ್ನು ಇಟ್ಟುಕೊಂಡು, ಗಾಯಕ್ಕೆ ಬಟ್ಟೆ ಕಟ್ಟಿದವನನ್ನು ಕಳುಹಿಸಿಬಿಟ್ಟರೆಂಬುದನ್ನು ನೆನೆಸುವಾಗ ನಮ್ಮ ಮನಸ್ಸಿಗೆ ನೋವಾಗುತ್ತದೆ.

ಕೆಲಸವೂ ಹಣವೂ ಇಲ್ಲದೆ ಆತನು ಅದೇ ಸೀಮೆಯಲ್ಲಿ ಅಲೆದನು. ಫ್ರಾನ್ಸಿನ ಗಡಿಯಾಚೆ ಕೂರಿಯೇರ್ ಎಂಬ ಹಳ್ಳಿಯಲ್ಲಿ ಜೂಲ್ಸ್ ಬ್ರೆಟಾನ್ ಎಂಬ ಪ್ರಖ್ಯಾತ ಚಿತ್ರಗಾರನಿದ್ದನು. ಹೊಲದ ಕೆಲಸದವರನ್ನು ಬರೆಯುವದರಲ್ಲಿ ಅವನು ಹೆಸರಾದವನು. ಅವನನ್ನು ಕಾಣಬೇಕೆಂದು ವಿನ್ಸೆಂಟನು ದಿನಗಟ್ಟಲೆ ನಡೆದನು. ದಾರಿಯಲ್ಲಿ ಹುಲ್ಲುಬಣವೆಯಲ್ಲಿ ಮಲಗಿದನು. ತಾನು ಗೀಚಿದ ಚಿತ್ರಗಳನ್ನು ಕೊಟ್ಟು ರೊಟ್ಟಿಯ ತುಂಡುಗಳನ್ನು ಪಡೆದನು. ಆದರೆ ಆ ಮನೆಯ ಮುಂದೆ ಬಂದಾಗ ಅದರ ಹೊಸ ಇಟ್ಟಿಗೆಯ ಗೋಡೆಯನ್ನು ಕಂಡು ಎದೆಗುಂದಿ, ಬಾಗಿಲನ್ನು ತಟ್ಟದೆ ಹಿಂದಿರುಗಿದನು. ಹೀಗೆ ಹಿಂದಿರುಗಿದವನು ಸೋತು ಕುಳಿತುಕೊಳ್ಳಲಿಲ್ಲ. ೧೮೮೦ರಲ್ಲಿ, ತನ್ನ ೨೭ನೆಯ ವಯಸ್ಸಿನಲ್ಲಿ, ಚಿತ್ರಗಾರನೇ ಆಗಬೇಕೆಂದು ನಿಶ್ಚಯಿಸಿದನು. ಅಂದಿನಿಂದ ಸಾಯುವ ತನಕ ಆತನಿಗೆ ಉಳಿದದ್ದು ಹತ್ತೇ ವರುಷ.

ಆತನು ಮೊದಲು ಹಿಡಿದ ಗುರು ಮಿಲೆ ಎಂಬವನು. ಈ ಮಿಲೆಯು ಫ್ರಾನ್ಸ್ ದೇಶದ ನಾರ್ಮಂಡಿ ಸೀಮೆಯ ಒಕ್ಕಲಿನವನ ಮಗನು. ಯೌವನದ ತನಕ ತಾನೇ ಹೊಲದಲ್ಲಿ ದುಡಿದವನು. ಬಿತ್ತುವವನ ಚಿತ್ರವನ್ನು ೧೮೫೦ರಲ್ಲಿಯೂ, ರೂತಳಂತೆ ಹಕ್ಕಲಾಯುವ ಮೂವರು ಹೆಂಗಸರ ಚಿತ್ರವನ್ನು ೧೮೫೭ರಲ್ಲಿಯೂ ಬರೆದವನು. ಅದಕ್ಕೆ ಮುಂಚೆ ಹೆಸರಾದ ಚಿತ್ರಗಾರರು ಅರಸರನ್ನೂ ಯುದ್ಧಗಳನ್ನೂ ದೊಡ್ಡದಾಗಿ ಬರೆದು, ಒಕ್ಕಲಿಗನನ್ನು ಮೂಲೆಯಲ್ಲಿ ನಗೆಗಾಗಿ ನಿಲ್ಲಿಸುವದು ಸಾಮಾನ್ಯವಾಗಿತ್ತು. ಮಿಲೆಯು ಅವನನ್ನೇ ಪಟದ ನಡುವೆ ನಿಲ್ಲಿಸಿದನು. ಮಿಲೆಯು ೧೮೭೫ರಲ್ಲಿ ತೀರಿಹೋದುದರಿಂದ ವಿನ್ಸೆಂಟನು ಆತನನ್ನು ಕಣ್ಣಾರೆ ಕಾಣಲಿಲ್ಲ. ಅಚ್ಚುಹಾಕಿದ ಪ್ರತಿಗಳನ್ನು ಮುಂದಿಟ್ಟುಕೊಂಡು, ಅಗೆಯುವವರನ್ನೂ ಬಿತ್ತುವವನನ್ನೂ ಮತ್ತೆ ಮತ್ತೆ ಬರೆದು ಕೈಯನ್ನು ಪಳಗಿಸಿಕೊಂಡನು.

ಚಿತ್ರಗಳು ಮಾರಾಟವಾಗಲಿಲ್ಲ. ಆಗ ಅದೇ ಗೂಪಿಲ್ ಕಂಪೆನಿಯಲ್ಲಿ ಕೆಲಸದಲ್ಲಿದ್ದ ತಮ್ಮನಾದ ಥಿಯೋ ತನ್ನ ಸಂಬಳದಿಂದ ತಿಂಗಳು ತಿಂಗಳಿಗೆ ಹಣ ಕಳುಹಿಸತೊಡಗಿದನು. ಅಣ್ಣನ ಮರಣದ ತನಕ ಅದನ್ನು ನಿಲ್ಲಿಸಲಿಲ್ಲ. ವಿನ್ಸೆಂಟನ ನಡತೆಯಿಂದ ಹೆತ್ತವರಿಗೆ ದುಃಖವೂ ಉಂಟಾಯಿತು. ಆತನು ದೇವಾಲಯಕ್ಕೆ ಹೋಗುವದನ್ನು ಬಿಟ್ಟನು. ತಂದೆಯೊಂದಿಗೆ ಕಠಿಣವಾಗಿ ಜಗಳಾಡಿದನು. ಹೇಗ್ ಪಟ್ಟಣದಲ್ಲಿ, ಬೀದಿಯ ಪಾಲಾಗಿದ್ದ ಒಬ್ಬ ಗರ್ಭಿಣಿಗೆ ಆಶ್ರಯಕೊಟ್ಟು, ಮದುವೆಯಿಲ್ಲದೆ ಅವಳೊಡನೆ ಕೆಲವು ಕಾಲ ಸಂಸಾರಮಾಡಿದನು. ಚರಿತ್ರೆಯನ್ನು ಬರೆಯುವವರು ಇವುಗಳನ್ನು ಮುಚ್ಚಿಡಬಾರದು.

೧೮೮೩ರ ಕೊನೆಯಲ್ಲಿ ಆತನು ತಂದೆಯವರಿದ್ದ ನ್ಯೂನೆನ್ ಎಂಬ ಹಳ್ಳಿಗೆ ಹಿಂದಿರುಗಿದನು. ಅಲ್ಲಿ ಒಕ್ಕಲಿನವರೂ ನೇಕಾರರೂ ವಾಸವಾಗಿದ್ದರು. ನೇಕಾರರ ಮನೆಯಲ್ಲಿ ಮಗ್ಗವೇ ಕೋಣೆಯನ್ನೆಲ್ಲಾ ತುಂಬಿಕೊಂಡಿರುತ್ತಿತ್ತು. ವಿನ್ಸೆಂಟನು ದಿನವಿಡೀ ಅಲ್ಲಿ ಕುಳಿತು, ಮಗ್ಗದ ಮರದೊಳಗೆ ಸೆರೆಸಿಕ್ಕಿದವನಂತೆ ಲಾಳಿಯನ್ನು ಎಸೆಯುವ ನೇಕಾರನನ್ನು ಹಲವು ಪಟಗಳಲ್ಲಿ ಬರೆದನು. ೧೮೮೫ರ ಮಾರ್ಚಿನಲ್ಲಿ ತಂದೆಯು ಅಕಸ್ಮಾತ್ತಾಗಿ ತೀರಿಹೋದರು. ಅದೇ ವಸಂತಕಾಲದಲ್ಲಿ ವಿನ್ಸೆಂಟನು ಆಲೂಗೆಡ್ಡೆ ತಿನ್ನುವವರ ಪಟವನ್ನು ಮುಗಿಸಿದನು. ಅದಕ್ಕಾಗಿ ಚಳಿಗಾಲವೆಲ್ಲಾ ಒಕ್ಕಲಿನವರ ಮುಖಗಳನ್ನು ಒಂದೊಂದಾಗಿ ಬರೆದು ಅಭ್ಯಾಸಮಾಡಿದ್ದನು.

ಆ ಪಟದಲ್ಲಿ ಕಾಣುವದು ಇಷ್ಟೇ. ತಗ್ಗಾದ ಮಾಡಿನ ಕೆಳಗೆ ತೂಗುಹಾಕಿದ ಎಣ್ಣೆಯ ದೀಪ. ಅದರ ಕೆಳಗೆ ಮೇಜಿನ ಸುತ್ತಲೂ ಐದು ಮಂದಿ. ನಡುವೆ ಆವಿಯಾಡುವ ಆಲೂಗೆಡ್ಡೆಯ ತಟ್ಟೆ. ಒಬ್ಬ ಹೆಂಗಸು ಕಾಫಿಯನ್ನು ಹೊಯ್ಯುತ್ತಾಳೆ. ಒಬ್ಬ ಹುಡುಗಿಯು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಗೋಡೆಯ ಮೇಲೆ ಒಂದು ಗಡಿಯಾರವೂ, ಕರ್ತನು ಶಿಲುಬೆಯ ಮೇಲಿರುವ ಒಂದು ಚಿಕ್ಕ ಚಿತ್ರವೂ ಇವೆ. ಮುಖಗಳು ಒರಟು, ಕೈಗಳು ಗಂಟುಗಂಟು. ಬಣ್ಣವು ಸುಲಿಯದ ಆಲೂಗೆಡ್ಡೆಯ ಮಣ್ಣಿನ ಬಣ್ಣ. ತಟ್ಟೆಗೆ ಚಾಚಿರುವ ಈ ಕೈಗಳೇ ನೆಲವನ್ನು ಅಗೆದವು, ಆದುದರಿಂದ ಇವರು ತಮ್ಮ ಅನ್ನವನ್ನು ಪ್ರಾಮಾಣಿಕತೆಯಿಂದ ಸಂಪಾದಿಸಿದವರು ಎಂಬುದನ್ನು ತೋರಿಸುವದೇ ಆತನ ಉದ್ದೇಶವಾಗಿತ್ತು. ಸ್ನೇಹಿತನಾಗಿದ್ದ ಒಬ್ಬ ಚಿತ್ರಗಾರನು ಇದರ ಅಚ್ಚುಪ್ರತಿಯನ್ನು ನೋಡಿ, ಅವಯವಗಳು ಸರಿಯಾಗಿಲ್ಲವೆಂದು ಹೀಯಾಳಿಸಿದನು. ವಿನ್ಸೆಂಟನು ಒಪ್ಪಲಿಲ್ಲ. ಒಕ್ಕಲಿನವರನ್ನು ಅಂದಮಾಡಿ ಬರೆದರೆ ಅದು ಸುಳ್ಳಾಗುವದೆಂದು ಆತನ ಅಭಿಪ್ರಾಯ.

ನಮ್ಮ ಸಭೆಯೊಂದರಲ್ಲಿ ಒಬ್ಬ ವೃದ್ಧೆಯು ರಾತ್ರಿಭೋಜನಕ್ಕೆ ಬರುವಾಗೆಲ್ಲಾ ತನ್ನ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಿದ್ದಳು. ಐವತ್ತು ವರುಷ ನಾಟಿ ಮಾಡಿ ಕಳೆ ಕಿತ್ತ ಆ ಕೈಗಳು ಒಡೆದು ಕಪ್ಪಾಗಿದ್ದವು. ದೇವಾಲಯದಲ್ಲಿ ಅವುಗಳನ್ನು ತೋರಿಸುವದಕ್ಕೆ ಅವಳಿಗೆ ನಾಚಿಕೆ. ಸೆಮಿನರಿಯಲ್ಲಿ ಓದುವಾಗ ನಾವು ಈ ಪಟದ ಪ್ರತಿಯನ್ನು ಒಂದು ಪುಸ್ತಕದಲ್ಲಿ ನೋಡಿ, ಅದರಲ್ಲೇನೂ ಚೆಲುವಿಲ್ಲವೆಂದು ಹಾಳೆಯನ್ನು ಮಗುಚಿದ್ದೆವು. ಆ ವೃದ್ಧೆಯ ಕೈಗಳನ್ನು ಕಂಡ ದಿನ ಈ ಪಟದ ಅರ್ಥವು ನಮಗಾಯಿತು.

ಅದೇ ವರುಷದ ಅಕ್ಟೋಬರಿನಲ್ಲಿ ಆತನು ತೀರಿಹೋದ ತಂದೆಯವರ ದೊಡ್ಡ ಸತ್ಯವೇದವನ್ನು ಯೆಶಾಯನ ೫೩ನೆಯ ಅಧ್ಯಾಯಕ್ಕೆ ತೆರೆದಿಟ್ಟು, ಪಕ್ಕದಲ್ಲಿ ಆರಿಹೋದ ಮೇಣದ ಬತ್ತಿಯನ್ನೂ ತಾನು ಓದುತ್ತಿದ್ದ ಒಂದು ಕಾದಂಬರಿಯನ್ನೂ ಇಟ್ಟು ಬರೆದನು. ತಂದೆಯ ಹಾದಿಯನ್ನು ಬಿಟ್ಟಿದ್ದ ಮಗನು, ಸಂಕಟವನ್ನು ಅನುಭವಿಸಿದ ಸೇವಕನ ಅಧ್ಯಾಯವನ್ನೇ ತೆರೆದಿಟ್ಟನೆಂಬುದನ್ನು ವಾಚಕರು ಗಮನಿಸಲಿ.

೧೮೮೬ರಲ್ಲಿ ಆತನು ಪ್ಯಾರಿಸಿಗೆ ಹೋಗಿ ತಮ್ಮನೊಡನೆ ವಾಸಮಾಡಿದನು. ಅಲ್ಲಿ ಇಂಪ್ರೆಶನಿಸ್ಟರೆಂಬ ಚಿತ್ರಗಾರರು ೧೮೭೪ರಿಂದ ತಮ್ಮ ಪಟಗಳ ಪ್ರದರ್ಶನಗಳನ್ನು ನಡಿಸುತ್ತಾ ಬಂದಿದ್ದರು. ಇವರ ಪದ್ಧತಿ ಏನಂದರೆ: ಮನೆಯೊಳಗೆ ಕುಳಿತು ಕಂದುಬಣ್ಣದಲ್ಲಿ ಬರೆಯದೆ ಬಯಲಿಗೆ ಹೋಗಿ, ಆ ಗಳಿಗೆಯ ಬಿಸಿಲಿನಲ್ಲಿ ಕಣ್ಣಿಗೆ ಕಂಡದ್ದನ್ನು ಅಲ್ಲಿಯೇ ಬರೆಯುವದು, ನೆರಳನ್ನು ಕಪ್ಪಾಗಿ ಬರೆಯದೆ ನೀಲಿ, ನೇರಳೆ ಬಣ್ಣಗಳಲ್ಲಿ ತೋರಿಸುವದು, ಬಣ್ಣಗಳನ್ನು ಕಲಸಿ ನುಣುಪುಮಾಡದೆ ಕುಂಚದ ಗುರುತುಗಳನ್ನು ಒಂದರ ಪಕ್ಕದಲ್ಲಿ ಒಂದಾಗಿ ಬಿಡುವದು. ಹತ್ತಿರದಿಂದ ನೋಡಿದರೆ ಬರೇ ಚುಕ್ಕೆಗಳೂ ಗೆರೆಗಳೂ ಕಾಣುವವು. ಎರಡು ಮಾರು ಹಿಂದೆ ಸರಿದರೆ ಬೆಳಕೇ ಮಿನುಗುವದು. ಇವರಲ್ಲಿ ಹಿರಿಯನಾದ ಪಿಸ್ಸಾರೋ ಎಂಬವನು ಹಳ್ಳಿಯಲ್ಲಿ ವಾಸಮಾಡಿ, ಹುಲ್ಲು ಹರವುವವರನ್ನೂ ಸೇಬು ಕೀಳುವ ಹೆಂಗಸರನ್ನೂ ತರಕಾರಿಯ ತೋಟದಲ್ಲಿ ಬಗ್ಗಿದವರನ್ನೂ ಈ ಪದ್ಧತಿಯಲ್ಲಿ ಬರೆಯುತ್ತಿದ್ದನು. ಇಬ್ಬರು ಅಣ್ಣತಮ್ಮಂದಿರಿಗೂ ಆತನು ಸ್ನೇಹಿತನಾದನು. ವಿನ್ಸೆಂಟನು ಇವರಿಂದ ಬೆಳಕನ್ನು ಕಲಿತನು. ಆದರೆ ನ್ಯೂನೆನಿನ ಕೈಗಳನ್ನು ಮರೆಯಲಿಲ್ಲ.

೧೮೮೮ರ ಫೆಬ್ರವರಿಯಲ್ಲಿ ಆತನು ಫ್ರಾನ್ಸಿನ ದಕ್ಷಿಣದಲ್ಲಿರುವ ಆರ್ಲ್ ಎಂಬ ಊರಿಗೆ ಹೋದನು. ಜೂನಿನಲ್ಲಿ ಗೋಧಿಯ ಸುಗ್ಗಿ ಬಂತು. ಕೊಯ್ಯುವವರು ಬಿಸಿಲಿನಲ್ಲಿ ನಿಂತಷ್ಟು ಹೊತ್ತು ತಾನೂ ಬಿಸಿಲಿನಲ್ಲಿ ನಿಂತು ಬರೆದನು. ಆ ಸೀಮೆಯ ಬಿರುಗಾಳಿಯು ಚಿತ್ರದ ಚೌಕಟ್ಟನ್ನು ಬೀಳಿಸುತ್ತಿದ್ದುದರಿಂದ ಅದರ ಕಾಲುಗಳ ಬಳಿಯಲ್ಲಿ ಗೂಟ ಹೊಡೆದು ಹಗ್ಗದಿಂದ ಬಿಗಿಯುತ್ತಿದ್ದನು. ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲದೊಳಗೆ ಸುಗ್ಗಿಯ ಹತ್ತು ಪಟಗಳನ್ನು ಬರೆದನು. ಮಳೆ ಬಂದು ಸುಗ್ಗಿಯೂ ಪಟಗಳೂ ಒಟ್ಟಿಗೆ ನಿಂತವು. ಅದೇ ತಿಂಗಳಲ್ಲಿ, ನೇರಳೆ ಬಣ್ಣದ ಹೆಂಟೆಗಳುಳ್ಳ ಹೊಲದಲ್ಲಿ ಹಳದಿಯ ಆಕಾಶದ ಕೆಳಗೆ ನಡೆಯುವ ಬಿತ್ತುವವನನ್ನು ಬರೆದನು. ನವೆಂಬರಿನಲ್ಲಿ ಅವನನ್ನೇ ಪುನಃ ಬರೆದನು; ಈ ಸಾರಿ ಮುಳುಗುವ ಸೂರ್ಯನ ದೊಡ್ಡ ಬಿಂಬವು ಆ ಕೂಲಿಯವನ ತಲೆಯ ಹಿಂದೆ, ಹಳೆಯ ಚಿತ್ರಗಳಲ್ಲಿ ಪರಿಶುದ್ಧರ ತಲೆಗಿರುವ ಪ್ರಭೆಯಂತೆ, ನಿಂತಿದೆ. ದ್ರಾಕ್ಷೆಯ ತೋಟದಲ್ಲಿ ಬಗ್ಗಿ ಗೊಂಚಲು ಕೊಯ್ಯುವ ಹೆಂಗಸರ ಪಟವನ್ನೂ ಆ ತಿಂಗಳಲ್ಲಿಯೇ ಬರೆದನು. ಅದನ್ನು ೧೮೯೦ರಲ್ಲಿ ಆನಾ ಬಾಕ್ ಎಂಬ ಬೆಲ್ಜಿಯಮಿನ ಚಿತ್ರಗಾರ್ತಿಯು ೪೦೦ ಫ್ರಾಂಕಿಗೆ ಕೊಂಡುಕೊಂಡಳು. ಆತನು ಬದುಕಿರುವಾಗ ಮಾರಾಟವಾದ ಪಟಗಳು ಬಹು ಸ್ವಲ್ಪ.

ಅಷ್ಟರಲ್ಲಿ ಮನಸ್ಸಿನ ರೋಗವು ಆತನನ್ನು ಹಿಡಿಯಿತು. ೧೮೮೮ರ ಡಿಸೆಂಬರ್ ೨೩ರ ರಾತ್ರಿ, ಜೊತೆಯಲ್ಲಿದ್ದ ಗೊಗಾನ್ ಎಂಬ ಚಿತ್ರಗಾರನೊಡನೆ ಜಗಳವಾದ ಮೇಲೆ, ತನ್ನ ಕಿವಿಯನ್ನು ತಾನೇ ಕೊಯ್ದುಕೊಂಡನು. ಊರಿನವರು ಹೆದರಿ ಆತನನ್ನು ಬೀಗಹಾಕಿಡಬೇಕೆಂದು ಅಧಿಕಾರಿಗಳಿಗೆ ಅರ್ಜಿ ಕೊಟ್ಟರು. ೧೮೮೯ರ ಮೇ ತಿಂಗಳಲ್ಲಿ ಆತನು ತಾನಾಗಿಯೇ ಸೇಂಟ್ ರೆಮಿ ಎಂಬ ಊರಿನ ಹುಚ್ಚರ ಆಸ್ಪತ್ರೆಗೆ ಸೇರಿದನು. ಕಿಟಕಿಯ ಸರಳುಗಳ ಆಚೆ ಗೋಡೆ ಕಟ್ಟಿದ ಒಂದು ಗೋಧಿಯ ಹೊಲವಿತ್ತು. ಅದರೊಳಗೆ ಕುಡುಗೋಲು ಹಿಡಿದು ಒಬ್ಬನೇ ಕೊಯ್ಯುವವನನ್ನು ಬರೆದನು. ಕೊಯ್ಯುವವನೆಂದರೆ ಮರಣವೆಂದೂ, ಪೈರೆಂದರೆ ಮನುಷ್ಯರೆಂದೂ ಆತನಿಗೆ ಕಂಡಿತು. ಆದರೂ ಆ ಪಟದಲ್ಲಿ ಕತ್ತಲೆಯಿಲ್ಲ. ಎಲ್ಲವೂ ಚಿನ್ನದ ಬಿಸಿಲಿನಿಂದ ತುಂಬಿದೆ.

ರೋಗವು ಬಿಟ್ಟ ದಿನಗಳಲ್ಲಿ ಆತನು ಪುನಃ ತನ್ನ ಮೊದಲಿನ ಗುರುವಿನ ಬಳಿಗೆ ಹೋದನು. ಮಿಲೆಯ ಚಿತ್ರಗಳ ಕಪ್ಪುಬಿಳುಪಿನ ಪ್ರತಿಗಳನ್ನು ಗೋಡೆಗೆ ಅಂಟಿಸಿ, ಅವುಗಳಿಗೆ ಬಣ್ಣಕೊಟ್ಟು ಸುಮಾರು ಇಪ್ಪತ್ತು ಪಟಗಳನ್ನು ಬರೆದನು: ಕೊಯ್ಯುವವನು, ಸಿವುಡು ಕಟ್ಟುವವಳು, ಕಾಳು ಬಡಿಯುವವನು, ಕುರಿಯ ಉಣ್ಣೆ ಕತ್ತರಿಸುವವರು, ನೂಲುವವಳು, ಮಧ್ಯಾಹ್ನದಲ್ಲಿ ಬಣವೆಯ ನೆರಳಿಗೆ ಮಲಗಿದ ಗಂಡಹೆಂಡರು. ತಮ್ಮನ ಹೆಂಡತಿಯು ಗರ್ಭಿಣಿಯಾಗಿರುವದನ್ನು ತಿಳಿದು, ೧೮೯೦ರ ಜನವರಿಯಲ್ಲಿ ಮಗುವಿನ ಮೊದಲ ಹೆಜ್ಜೆಯ ಪಟವನ್ನು ಬರೆದನು. ಅದರಲ್ಲಿ ಹಿತ್ತಲಲ್ಲಿ ಅಗೆಯುತ್ತಿದ್ದ ತಂದೆಯು ಗುದ್ದಲಿಯನ್ನು ನೆಲಕ್ಕೆ ಹಾಕಿ ಎರಡು ಕೈಗಳನ್ನೂ ಚಾಚಿದ್ದಾನೆ. ತಾಯಿಯು ಕೂಸನ್ನು ಅವನ ಕಡೆಗೆ ನಡಿಸುತ್ತಾಳೆ. ಅದೇ ತಿಂಗಳ ೩೧ರಂದು ಹುಟ್ಟಿದ ಗಂಡುಮಗುವಿಗೆ ಥಿಯೋ ತನ್ನ ಅಣ್ಣನ ಹೆಸರನ್ನೇ ಇಟ್ಟನು. ಹೆಂಡತಿ ಮಕ್ಕಳಿಲ್ಲದ ವಿನ್ಸೆಂಟನಿಗೆ ಇದು ದೊಡ್ಡ ಸಂತೋಷ.

ಆ ವರುಷದ ಮೇ ತಿಂಗಳಲ್ಲಿ ಆತನು ಪ್ಯಾರಿಸಿನ ಸಮೀಪದ ಓವೇರ್ ಎಂಬ ಹಳ್ಳಿಗೆ ಬಂದು, ಒಬ್ಬ ವೈದ್ಯನ ಆರೈಕೆಯಲ್ಲಿದ್ದು, ಹೆಚ್ಚುಕಡಿಮೆ ದಿನಕ್ಕೊಂದು ಪಟವನ್ನು ಬರೆದನು. ಜುಲೈ ೨೭ರಂದು ಸಂಜೆ ತನ್ನನ್ನು ತಾನೇ ಗಾಯಪಡಿಸಿಕೊಂಡು ಬಿಡಾರಕ್ಕೆ ಹಿಂದಿರುಗಿದನು. ಥಿಯೋ ಓಡಿಬಂದು ಹಾಸಿಗೆಯ ಬಳಿಯಲ್ಲಿ ಕುಳಿತನು. ೨೯ರಂದು ವಿನ್ಸೆಂಟನು ೩೭ನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟನು. ಆರು ತಿಂಗಳೊಳಗೆ ಥಿಯೋ ಕೂಡ ತೀರಿಹೋದನು. ಈಗ ಇಬ್ಬರೂ ಓವೇರಿನ ಸ್ಮಶಾನದಲ್ಲಿ, ಗೋಧಿಯ ಹೊಲಗಳ ಬದಿಯಲ್ಲಿ, ಪಕ್ಕಪಕ್ಕದಲ್ಲಿ ಮಲಗಿದ್ದಾರೆ. ಥಿಯೋನ ವಿಧವೆಯಾದ ಯೋಹಾನಾ ಎಂಬವಳು ಪಟಗಳನ್ನೂ ಕಾಗದಗಳನ್ನೂ ಕಾಪಾಡಿ, ೧೯೧೪ರಲ್ಲಿ ಕಾಗದಗಳನ್ನು ಅಚ್ಚುಹಾಕಿಸಿದಳು. ೧೯೭೩ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಆತನ ಹೆಸರಿನ ಚಿತ್ರಶಾಲೆಯು ತೆರೆಯಲ್ಪಟ್ಟಿತು. ಆಲೂಗೆಡ್ಡೆ ತಿನ್ನುವವರ ಪಟವು ಅಲ್ಲಿದೆ; ಒಂದು ಕಾಲದಲ್ಲಿ ಯಾರೂ ಕೊಳ್ಳದ ಆ ಪಟವನ್ನು ನೋಡಲು ಸಕಲ ದೇಶಗಳಿಂದ ಜನರು ಬರುತ್ತಾರೆ.

ಆತನ ಮರಣದ ವಿಷಯದಲ್ಲಿ ನಾವು ನ್ಯಾಯಾಧಿಪತಿಗಳಾಗಿ ಕುಳಿತುಕೊಳ್ಳುವದಿಲ್ಲ. ರೋಗವು ದೇಹಕ್ಕೆ ಬರುವಂತೆ ಮನಸ್ಸಿಗೂ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಅಂಥ ರೋಗಿಯನ್ನು ದೆವ್ವ ಹಿಡಿದವನೆಂದು ಕಟ್ಟಿಹಾಕುವವರೂ, ಮಾನ ಹೋಗುವದೆಂದು ಬಚ್ಚಿಡುವವರೂ, ನಂಬಿಕೆಯಿಲ್ಲದವನೆಂದು ದೂರುವವರೂ ಇದ್ದಾರೆ. ಸಭೆಯವರು ಹಾಗೆ ಮಾಡಬಾರದು. ಅಂಥವನನ್ನು ತಡಮಾಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಅವನನ್ನು ಒಂಟಿಯಾಗಿ ಬಿಡಬಾರದು. ಪ್ರಾರ್ಥನೆಯನ್ನೂ ಊಟವನ್ನೂ ಅವನ ಮನೆಗೆ ಕೊಂಡುಹೋಗಬೇಕು. ವಿನ್ಸೆಂಟನಿಗೆ ಒಬ್ಬ ತಮ್ಮನಿದ್ದನು. ನಮ್ಮಲ್ಲಿ ತಮ್ಮನಿಲ್ಲದವನಿಗೆ ಸಭೆಯೇ ತಮ್ಮನಾಗಬೇಕು.

ಕಮಿಟಿಯವರು ಬೇಡವೆಂದ ಆ ಉಪದೇಶಿಯು ಬೇರೆ ರೀತಿಯಲ್ಲಿ ತನ್ನ ಉಪದೇಶವನ್ನು ಮುಗಿಸಿದನೆಂದು ನಮಗೆ ತೋರುತ್ತದೆ. ಮುಂದಿನ ಸುಗ್ಗಿಯಲ್ಲಿ ನೀವು ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುವಾಗ, ನಿಮ್ಮಂಥವರ ಕೆಲಸವನ್ನು ನೋಡುವದಕ್ಕಾಗಿಯೇ ದಿನವಿಡೀ ಬಿಸಿಲಿನಲ್ಲಿ ನಿಂತ ಒಬ್ಬನಿದ್ದನೆಂದು ಜ್ಞಾಪಿಸಿಕೊಳ್ಳಿರಿ. ದೇವಾಲಯಕ್ಕೆ ಬರುವಾಗ ಕೈಗಳನ್ನು ಅಡಗಿಸಬೇಡಿರಿ.